ಆಲೆಮನೆಯ ಬೆವರು

"ಬುಡಪ್ಪ, ಕೈ ಬುಡು," ಎನ್ನುತ್ತ ಶಿವನಂಜ ಅಪ್ಪನ ಬೆರಳುಗಳನ್ನು ಬಿಡಿಸಿ ಬೆಲ್ಲದ ಚೂರನ್ನು ಕಿತ್ತುಕೊಂಡ. ಆಲೆಮನೆಯ ಆಳುಗಳು ನಕ್ಕರು. "ಗೌಡ್ರು ತಮ್ ಬೆಲ್ಲನೇ ಕದಿಯಂಗಾಯ್ತು ಕಣ್ಲಾ," ಎಂದ ಒಬ್ಬ.

ಬೋರಯ್ಯ ಬಾಯಿ ತೆರೆದ. ನಾಲಿಗೆ ಹೊರಳಲಿಲ್ಲ. ಕೈ ನಡುಗುತ್ತಿತ್ತು, ಕುದಿಯುವ ಕೊಪ್ಪರಿಗೆಯೂ ಮಗನ ಮುಖವೂ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಇದು ಬಾಯಿಚಪಲವಲ್ಲ ಎಂದು ಅವನಿಗೆ ಗೊತ್ತಿತ್ತು. ಸಕ್ಕರೆ ಕಾಯಿಲೆಗೆ ಪಥ್ಯ ಹಿಡಿದು ಅವನು ಅರ್ಧಕ್ಕರ್ಧ ಇಳಿದಿದ್ದ. ತೂಕ ಇಳಿದ ಹಾಗೆ ಇನ್ಸುಲಿನ್ನನ್ನೂ ಇಳಿಸಬೇಕು, ಇಲ್ಲದಿದ್ದರೆ ಸಕ್ಕರೆ ತೀರ ಕುಸಿದು ಜೀವಕ್ಕೇ ಅಪಾಯ, ಬಂದು ತೋರಿಸಿ ಎಂದು ಮಂಡ್ಯದ ಡಾಕ್ಟರು ಹೇಳಿದ್ದರು. ಕಬ್ಬು ಅರೆಯುವ ಕಾಲ, ಯಾರಿಗೂ ಬಿಡುವಾಗಲಿಲ್ಲ. ದಪ್ಪಗಿದ್ದಾಗ ಕೊಡುತ್ತಿದ್ದಷ್ಟನ್ನೇ ಹೆಂಡತಿ ಯಶೋದಮ್ಮ ಈ ಬೆಳಿಗ್ಗೆಯೂ ಚುಚ್ಚಿದ್ದಳು.

"ಎಂಗೆ ಬೆವರ್ತಾವ್ನೆ ನೋಡವ್ವ. ಒಲೆ ಮುಂದ್ಲಿಂದ ಏಳಪ್ಪ ಅಂದ್ರೆ ಕೇಳಕಿಲ್ಲ," ಎಂದ ಶಿವನಂಜ, ಬುತ್ತಿ ತಂದ ತಾಯಿಗೆ.

"ಯಾವಾಗ್ಲೂ ಬೆಲ್ಲದ್ದೇ ಗ್ಯಾನ," ಎಂದು ಗೊಣಗುತ್ತ ಯಶೋದಮ್ಮ ಗಂಡನ ಹಣೆ ಒರೆಸಿದಳು. ಅವಳ ಕೈ ಅಲ್ಲೇ ನಿಂತಿತು. ಒಲೆಯ ಝಳಕ್ಕೆ ಅವಳ ಮುಖವೇ ಸುಡುತ್ತಿತ್ತು. ಅವನ ಹಣೆ ಮಾತ್ರ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

"ಒಂದ್ ಲೋಟ ಕಬ್ಬಿನಾಲು ತತ್ತಾ."

"ಅವ್ವ, ಡಾಕ್ಟ್ರು ಸಿಹಿ ಮುಟ್ಟಿಸ್ಬ್ಯಾಡಿ ಅಂದವ್ರೆ."

ಯಶೋದಮ್ಮ ಗಂಡನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

"ತತ್ತಾ ಅಂದೆ. ಒತ್ತಾರೆ ಸೂಜಿ ಚುಚ್ಚಿದ್ದು ನಾನು ಕಣ್ಲಾ."