ಏರಿ ಒಡಿ

"ಕೆರೆ ಏರಿ ಒಡಿ. ಬಯಲಲ್ಲಿ ಬೀಡುಬಿಟ್ಟಿರೋ ಶತ್ರುಗಳು ಕೊಚ್ಚಿಹೋಗ್ಲಿ," ಎಂದ ದಳವಾಯಿ.

ಕೆರೆ ಕಾಯುವ ನೀರುಗಂಟಿ ಕೂತಲ್ಲಿಂದ ಏಳಲಿಲ್ಲ. "ಕೆಳಗಿನ ಏಳು ಹಳ್ಳೀನೂ ಕೊಚ್ಚಿಹೋಗ್ತವೆ. ಆಗಾಕಿಲ್ಲ ಬುದ್ಧಿ. ಎಲ್ಲಿ ಅಗೆದ್ರೆ ಏರಿ ಒಡೀತದೆ ಅನ್ನೋದು ನಂಗೊಬ್ಬನಿಗೇ ಗೊತ್ತು. ತಲೆ ತೆಗೆದ್ರೂ ಹೇಳಾಕಿಲ್ಲ."

"ನಿನ್ನಿಂದಲೇ ರಾಜ್ಯ ಹೋಯ್ತು ಅಂತ ನಾಳೆ ಜನ ಅಂತಾರೆ ಕಣೋ!"

"ಅನ್ಲಿ. ಅನ್ನಾಕಾದ್ರೂ ಜನ ಉಳೀಬೇಕಲ್ವಾ?"

ಮೂರನೇ ದಿನ ಕೋಟೆ ಬಿತ್ತು. ಗೆದ್ದ ರಾಜನೇ ಏರಿಯ ಮೇಲೆ ಬಂದು ನಿಂತ.

"ಸೋತು ಓಡಿದವರೆಲ್ಲ ಕೆಳಗಿನ ಹಳ್ಳಿಗಳಲ್ಲಿ ಅಡಗಿದಾರೆ. ಏರಿ ಒಡಿ."

ನೀರುಗಂಟಿ ಈಗಲೂ ಏಳಲಿಲ್ಲ. "ಆಗಾಕಿಲ್ಲ ಬುದ್ಧಿ. ತಲೆ ತೆಗೆದ್ರೂ ಆಗಾಕಿಲ್ಲ."

ಏರಿಯ ಬುಡದಲ್ಲಿದ್ದ ಹುಲ್ಲಿನ ಬಣವೆಯೊಳಗೆ ಅವಿತಿದ್ದ ದಳವಾಯಿ, ಆ ಮಾತನ್ನು ಎರಡನೇ ಸಲ ಕೇಳಿಸಿಕೊಂಡ.