ಮರ ಹತ್ತದ ಏಡಿ

ಜುವಿಲಿನ್ ಮತ್ತೆ ಸೋತಳು. ಅಳಗುಳಿಮಣೆಯಂಥ ಸುಂಗ್ಕಾ ಮಣೆಯಲ್ಲಿ ಅವಳ ಕಡೆಯ ಗುಳಿಗಳೆಲ್ಲ, ಅಂದರೆ ಅವಳ ಮನೆಗಳೆಲ್ಲ, ಖಾಲಿ. ಎದುರು ಕೂತಿದ್ದ ದಡ್ಡಶಿಖಾಮಣಿ ಜೊಮಾರ್ ಕವಡೆಗಳನ್ನು ಬಾಚಿಕೊಂಡು, ನಿನ್ನ ಮನೆಯೆಲ್ಲ ಸುಟ್ಟುಹೋಯಿತು ಎಂದು ಕುಣಿಯುತ್ತಿದ್ದ. ಗೋಡೆಗೆ ಅಂಟಿಸಿದ್ದ ಕಾಗದದ ತೆಂಗಿನ ಮರದಲ್ಲಿ ಅವನ ಹೆಸರಿನ ಏಡಿ ಇನ್ನಷ್ಟು ಮೇಲೆ ಹೋಯಿತು. ಜುವಿಲಿನ್‌ಳದು ಎಂದಿನಂತೆ ಬುಡದ ಮರಳಲ್ಲೇ ಉಳಿಯಿತು.

ಸಮಾರ್ ದ್ವೀಪದ ಆ ಕಡಲಂಚಿನ ಶಾಲೆಗೆ ಈ ಆಟ ತಂದವಳು ಫ್ಲೋರ್ದೆಲಿಸಾ ಟೀಚರ್. ಲೆಕ್ಕ ಅಂದರೆ ದೋಣಿಗಳ ಕಡೆ ಓಡಿಹೋಗುತ್ತಿದ್ದ ಮಕ್ಕಳು ಈಗ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಗುಳಿಗಳಿಗೆ ಕವಡೆ ಹಂಚುತ್ತಾ ಹಂಚುತ್ತಾ ಭಾಗಾಕಾರ ತಾನಾಗಿ ಬಂತು. ಗೆದ್ದವರ ಏಡಿ ಮರ ಹತ್ತುತ್ತದೆ. ಟೀಚರನ್ನೇ ಸೋಲಿಸಿದರೆ ನೇರ ತುದಿಗೆ. ತುದಿಯಲ್ಲಿದ್ದವರ ಹೆಸರು ಪಟ್ಟಣದ ಹಾಸ್ಟೆಲ್ ಶಾಲೆಯ ಪುಕ್ಕಟೆ ಸೀಟಿಗೆ ಹೋಗುತ್ತದೆ, ಅದನ್ನು ನಾಳೆಯೇ ಕಳಿಸಬೇಕು. ಆ ಸೀಟು ಜುವಿಲಿನ್‌ಗೇ ಎಂದು ಟೀಚರ್ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಬೇರೆಯವರು ಬೆರಳು ಮಡಿಚುವಷ್ಟರಲ್ಲಿ ಉತ್ತರ ಹೇಳುವ ಹುಡುಗಿ. ಚಂಡಮಾರುತ ಬಂದು ಹೋದ ಮೇಲೆ ಬೇಕರಿಯವರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಅವರ ಬನ್ನು ಮಾರಿ ಶಾಲೆಗೆ ಬರುವವಳು. ಅವಳಿಗಲ್ಲದೆ ಇನ್ಯಾರಿಗೆ?

ಅಂಥವಳು ಸೋಲುವುದೆಂದರೇನು! ಅದೂ ಎಲ್ಲರ ಕೈಲೂ. ಇನ್ನೂ ವಿಚಿತ್ರವೆಂದರೆ ಅವಳ ಜೊತೆ ಆಡುವುದಕ್ಕೇ ಮಕ್ಕಳು ಸಾಲು ನಿಲ್ಲುತ್ತಿದ್ದರು. ಟೀಚರ್ ತಲೆ ಕೆರೆದುಕೊಂಡಿದ್ದೇ ಬಂತು. ಈವತ್ತು ಮಾತ್ರ ಕಣ್ಣಾರೆ ಕಂಡಳು: ಗೆಲ್ಲುವ ಗುಳಿಗೆ ಹೋದ ಹುಡುಗಿಯ ಬೆರಳು ಹಿಂದಕ್ಕೆ ಬಂದು, ಬೇಕೆಂದೇ ಪಕ್ಕದ ಗುಳಿಯ ಕವಡೆ ಎತ್ತಿತು.

ಮಕ್ಕಳೆಲ್ಲ ಹೊರಟ ಮೇಲೆ ಅವಳನ್ನು ಹಿಡಿದು ಕೂರಿಸಿದಳು. ಗದರಿದಳು, ರಮಿಸಿದಳು, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಕೊಳ್ಳುತ್ತೀಯಲ್ಲೇ ಎಂದು ಗೋಳಾಡಿದಳು. ಜುವಿಲಿನ್ ಒಂದು ಕವಡೆಯನ್ನು ಲಂಗಕ್ಕೆ ಉಜ್ಜುತ್ತಾ ಕೂತಿದ್ದಳು.

"ಸುಂಗ್ಕಾದಲ್ಲಿ ಸೋತೋರ ಮನೇಲಿ ಸಾವಾಗುತ್ತಂತಲ್ಲ ಮೇಡಂ," ಎಂದಳು ಕೊನೆಗೆ. "ಸೋಲೋಕೆ ಎಲ್ರಿಗೂ ಹೆದ್ರಿಕೆ. ಜೊಮಾರ್‌ಗೆ ಅಜ್ಜಿ ಇದಾರೆ. ಅನಲೀಗೆ ಮೊನ್ನೆ ತಾನೆ ತಮ್ಮ ಹುಟ್ಟಿದಾನೆ. ನಮ್ಮನೇಲಾದ್ರೆ ಸಾಯೋಕೆ ಯಾರೂ ಉಳಿದಿಲ್ಲ. ಅದಕ್ಕೇ ನಾನೇ ಸೋತ್ಬಿಡ್ತೀನಿ."

ಟೀಚರ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಮಾತನ್ನು ಅವಳೂ ಕೇಳಿ ಬೆಳೆದವಳೇ. ಚಿಕ್ಕವಳಿದ್ದಾಗ ಮನೆಯೊಳಗೆ ಮಣೆ ಇಟ್ಟುಕೊಂಡು ಕೂತಿದ್ದಕ್ಕೆ, ಸಾವನ್ನು ಮನೆಗೆ ಕರೀತೀಯಾ ಎಂದು ತಾಯಿ ಪೊರಕೆ ಹಿಡಿದು ಅಂಗಳಕ್ಕೆ ಓಡಿಸಿದ್ದುಂಟು. ಆ ತಾಯಿ ಈಗ ಕೆಮ್ಮುತ್ತಾ ಹಾಸಿಗೆ ಹಿಡಿದಿದ್ದಾಳೆ. ಸಂಜೆಯ ಗಂಜಿ ಕುಡಿಸಲು ಟೀಚರೇ ಹೋಗಬೇಕು. ಅದೆಲ್ಲ ಮುದುಕಿಯರು ಕಟ್ಟಿದ ಬುರುಡೆ ಎಂದು ಹುಡುಗಿಗೆ ಬಿಡಿಸಿ ಹೇಳಿದಳು. ಹೇಳಿ, ಮಣೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ನನ್ನ ಜೊತೆ ಆಡು, ಗೆಲ್ಲು, ಸೀಟು ನಿನ್ನದು ಎಂದಳು.

ಜುವಿಲಿನ್ ಆಡಿದಳು. ಆಡಿದ್ದೇನು, ಟೀಚರ್ ಕಡೆಯ ಗುಳಿಗಳನ್ನು ಒಂದಾದ ಮೇಲೊಂದು ಬರಿದು ಮಾಡುತ್ತಾ ಬಂದಳು. ಕೊನೆಯ ಹಿಡಿ ಎತ್ತಿದವಳು ಹಾಗೇ ಕೈ ತಡೆದಳು.

"ನಿಮ್ಮನೇಲಿ ಯಾರ್ಯಾರಿದಾರೆ ಮೇಡಂ?"

ಟೀಚರ್‌ಗೆ ಹಾಸಿಗೆ ಹಿಡಿದ ತಾಯಿ ನೆನಪಾದಳು. ನಿಜ ಹೇಳಿದರೆ ಹುಡುಗಿ ಆ ಕವಡೆಗಳನ್ನು ಕೆಳಗಿಟ್ಟು ಎದ್ದುಹೋಗುತ್ತಾಳೆ. ಸೀಟೂ ಹೋಗುತ್ತದೆ.

"ಯಾರೂ ಇಲ್ಲ," ಎಂದಳು. "ಆಡು."

"ಅಯ್ಯೋ, ನೀವೂ ನನ್ನ ಥರಾನೇನಾ?" ಜುವಿಲಿನ್ ಅವಳನ್ನೇ ಮರುಕದಿಂದ ನೋಡಿದಳು. ಆಮೇಲೆ ಕವಡೆಗಳನ್ನು ಒಂದೊಂದಾಗಿ ಗುಳಿಗೆ ಬಿಟ್ಟು ಗೆದ್ದಳು.

ಟೀಚರ್ ಅವಳ ಏಡಿಯನ್ನು ಮರದ ತುದಿಗೆ ಅಂಟಿಸಿ ಮನೆಯ ದಾರಿ ಹಿಡಿದಳು. ಬುರುಡೆ, ಶುದ್ಧ ಬುರುಡೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಬುರುಡೆಯಾದರೆ ಕಾಲುಗಳು ಯಾಕೆ ಹೀಗೆ ಓಡುತ್ತಿವೆ ಎಂಬುದು ಮಾತ್ರ ಅವಳಿಗೇ ಬಗೆಹರಿಯಲಿಲ್ಲ. ಚಪ್ಪಲಿಯನ್ನೂ ಬಿಚ್ಚದೆ ಒಳಗೆ ನುಗ್ಗಿ "ಅಮ್ಮಾ" ಎಂದು ಕೂಗಿದಳು.

ಮುದುಕಿ ಮೊಣಕೈ ಊರಿ ಎದ್ದು ಕೂತು, ಏದುಸಿರು ಬಿಡುತ್ತಿದ್ದ ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕೇ ಹಿಂಗೆ ಬಡ್ಕೋತೀಯ? ನಾನು ಸತ್ತೋದೆ ಅಂತ ಯಾರಾದ್ರೂ ಹೇಳಿದ್ರೇನು?"