ಮೂಳೆಗಳ ನಡುವಿನ ಸಂದು

ಚಿತ್ರದುರ್ಗದ ಮೂಳೆ ಡಾಕ್ಟರು ನಂಜುಂಡಯ್ಯನವರು ಎರಡು ಎಕ್ಸ್‌ರೇಗಳನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ತಾಳ್ಯದ ಕಾಳಕ್ಕ ಮುಂದಕ್ಕೆ ಬಾಗಿ ನೋಡಿದಳು. ಎರಡೂ ಅವಳದೇ ಮೊಣಕಾಲಿನವು. ಒಂದು ಎಪ್ಪತ್ತೆರಡನೇ ಇಸವಿಯಲ್ಲಿ, ಸವೆತ ಶುರುವಾಗಿದೆ ಎಂದು ಗೊತ್ತಾದಾಗ ತೆಗೆಸಿದ್ದು. ಇನ್ನೊಂದು ಮೂರು ವರ್ಷದ ಮೇಲೆ, ಈ ಬೆಳಿಗ್ಗೆ ತೆಗೆಸಿದ್ದು. ಸವೆತ ಹೆಚ್ಚಾಗಿದ್ದರೆ ಕುರಿಮಂದೆಯ ಹಿಂದೆ ಅವಳ ತಿರುಗಾಟ ಮುಗಿದಂತೆಯೇ. ಇಷ್ಟು ದಿನ ಅವಳು ಮನೆಯಲ್ಲೇ ಉಳಿದಿದ್ದಳು. ಗಂಡ ಸಣ್ಣಪ್ಪ ಒಬ್ಬನೇ ಮಂದೆ ಹೊಡೆದುಕೊಂಡು ಊರೂರು ಅಲೆಯುತ್ತಿದ್ದ.

“ಇಲ್ಲಿ ನೋಡಮ್ಮ,” ಡಾಕ್ಟರು ಎರಡು ಮೂಳೆಗಳ ನಡುವಿನ ಕಪ್ಪು ಸಂದಿನ ಮೇಲೆ ಬೆರಳಿಟ್ಟರು. “ಸವೆತ ಜಾಸ್ತಿಯಾಗಿದ್ದರೆ ಈ ಸಂದು ಕಿರಿದಾಗಬೇಕಿತ್ತು. ಕೂದಲೆಳೆಯಷ್ಟೂ ಆಗಿಲ್ಲ. ಮೂಳೆಯ ಅಂಚೂ ಹಾಗೇ ಇದೆ. ಇದನ್ನು ನೋಡಿದರೆ, ಮುಂದೆಯೂ ಬೇಗ ಕೆಡುವ ಕಾಲಲ್ಲ ಇದು.”

“ಹಂಗಾರೆ ಕುರಿ ಹಿಂದೆ ಹೋಗ್ಬೋದೇನ್ರಿ?”

“ಧಾರಾಳವಾಗಿ ಹೋಗು. ನಡೆಯುವುದು ಒಳ್ಳೆಯದೇ. ನೋವು ಬಂದಾಗ ಕೂತು ಸುಧಾರಿಸಿಕೋ.”

ಕಾಳಕ್ಕ ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಗಂಡನತ್ತ ತಿರುಗಿದಳು. ಮನೆಯಲ್ಲೇ ಇರು ಎಂದು ಹಟ ಹಿಡಿದಿದ್ದವನು ಅವನೇ. ಈಗಲೂ ಬೇಡವೆಂದಾನು ಎಂದು ಅವಳು ಜಗಳಕ್ಕೆ ಮಾತು ಹೊಂದಿಸಿಕೊಳ್ಳುತ್ತಿದ್ದಳು. ಆದರೆ ಸಣ್ಣಪ್ಪ ಹೆಗಲ ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

“ಅಷ್ಟು ಕುರಿ ಅವೆ, ಒಂದೂ ತಿರುಗಿ ಮಾತಾಡಲ್ಲ ಕಣೇ,” ಎಂದ. “ಒಬ್ನೇ ಇದ್ದು ಇದ್ದು ಸಾಕಾಗೈತೆ ನಂಗೆ. ನಾಳೇನೇ ಹೋಗಾಣ.”

ಕಾಳಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು. ಆದರೂ ನಗು ತಡೆಯಲಾಗದೆ ಡಾಕ್ಟರ ಮುಂದೆಯೇ ಗಟ್ಟಿಯಾಗಿ ನಕ್ಕುಬಿಟ್ಟಳು.